ತಿಳಿನೀರಿನ ಗುಟ್ಟು ಹೇಳಿದ ನೀಲಿ ಬೆಳಕು

ನೀರು ತಿಳಿಯಾಗಿದ್ದರೆ ಅದು ಒಳ್ಳೆಯ ನೀರು ಎಂದು ನಂಬಿದ್ದವಳು ನಾನು. ಆ ನಂಬಿಕೆ ಎಷ್ಟು ದುಬಾರಿಯದು ಎಂದು ಗೊತ್ತಾದದ್ದು 2019ರಲ್ಲಿ.

ಆ ವರ್ಷ ಆಗಸ್ಟಿನಲ್ಲಿ ಕೃಷ್ಣೆ ಬಂದ ರೀತಿಯನ್ನು ಉಗಾರ, ಕುಡಚಿ, ಕಾಗವಾಡದ ಕಡೆಯವರು ಯಾರೂ ಮರೆಯಲಾರರು. ಮೇಲೆ ಮಹಾರಾಷ್ಟ್ರದಲ್ಲಿ ಎಡೆಬಿಡದ ಮಳೆ. ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟರೆಂಬ ಸುದ್ದಿ ಬಂದದ್ದೇ ತಡ, ನೋಡ ನೋಡುತ್ತಿದ್ದಂತೆ ಹೊಳೆ ಕಬ್ಬಿನ ಹೊಲ ದಾಟಿ ಓಣಿಗೆ ಬಂತು. ನಾವು ಹಾಸಿಗೆ, ಪಾತ್ರೆ, ರೇಶನ್ ಕಾರ್ಡು ಕಟ್ಟಿಕೊಂಡು ಎತ್ತರದ ಊರಲ್ಲಿದ್ದ ನೆಂಟರ ಮನೆ ಸೇರಿದೆವು. ಹನ್ನೆರಡು ದಿನದ ಮೇಲೆ ವಾಪಸು ಬಂದರೆ ಹಿತ್ತಲ ಬಾವಿಯ ತುಂಬ ರಾಡಿ. ನಮ್ಮ ಮನೆಯವರು ಪಂಪು ಹಚ್ಚಿ ಎರಡು ಸಲ ನೀರು ಹೊರಗೆ ಹಾಕಿಸಿದರು. ಬ್ಲೀಚಿಂಗ್ ಪುಡಿ ಹಾಕಿದ್ದಾಯಿತು. ಹದಿನೈದು ದಿನಕ್ಕೆ ಬಾವಿ ಕನ್ನಡಿಯಂತಾಯಿತು. ಅಲ್ಲಿಯವರೆಗೆ ಕುದಿಸಿ, ಆರಿಸಿ ಕುಡಿಯುತ್ತಿದ್ದೆವು.

“ಇಷ್ಟ ತಿಳಿ ಐತಿ ನೀರ, ಇನ್ನ ಯಾಕ ಗ್ಯಾಸ್ ಸುಡತಿ?” ಎಂದರು ನಮ್ಮತ್ತೆ. ಸಿಲಿಂಡರೂ ಮುಗಿಯುತ್ತ ಬಂದಿತ್ತು. ನನಗೂ ಹೌದೆನ್ನಿಸಿತು, ಕುದಿಸುವುದು ಬಿಟ್ಟೆ. ಐದನೆಯ ದಿನ ಏಳು ವರ್ಷದ ಮಗನಿಗೆ ವಾಂತಿ-ಭೇದಿ ಹತ್ತಿತು. ರಾತ್ರಿಯೊಳಗೆ ಕೂಸಿನ ಕಣ್ಣು ಗುಳಿ ಬಿದ್ದವು. ಕರೆದರೆ ಓ ಎನ್ನಲೂ ತ್ರಾಣ ಇರಲಿಲ್ಲ. ಮೀರಜಿನ ದವಾಖಾನೆಗೆ ಒಯ್ದೆವು. ಮೂರು ದಿನ ಸಲಾಯಿನ್ ಹಚ್ಚಿದ ಮೇಲೆ ಹುಡುಗ ಉಳಿದ. ನೀರಿನಿಂದಲೇ ಆಯಿತು ಎಂದು ಡಾಕ್ಟರು ಬರೆದುಕೊಡಲಿಲ್ಲ. “ಬಾವಿ ನೀರು ತಪಾಸ ಮಾಡಿಸಿರಿ” ಎಂದಷ್ಟೇ ಹೇಳಿದರು.

ನನ್ನ ಅಣ್ಣನ ಮಗಳು ನೀರು ಪರೀಕ್ಷಿಸುವ ಪ್ರಯೋಗಶಾಲೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಅವಳು ಕಳಿಸಿದ ಶುದ್ಧ ಬಾಟಲಿಯಲ್ಲಿ ನೀರು ತುಂಬಿ ನಾನೇ ಒಯ್ದೆ. ಅವಳು ಅದಕ್ಕೆ ಒಂದು ಪುಡಿ ಬೆರೆಸಿ, ನಮ್ಮ ಮೈಶಾಖಕ್ಕಿಂತ ತುಸು ಕಡಿಮೆ ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದು ದಿನ ಇಟ್ಟಳು. ಮರುದಿನ ನೋಡಿದರೆ ನೀರು ಹಳದಿಯಾಗಿತ್ತು. ಆಮೇಲೆ ಕೋಣೆ ಕತ್ತಲು ಮಾಡಿ ನೇರಳೆ ಬಣ್ಣದ ಒಂದು ದೀಪ ಹಚ್ಚಿದಳು. “ಅತ್ತೀ, ಇಲ್ಲಿ ನೋಡ್ರಿ” ಎಂದಳು. ಪಕ್ಕದಲ್ಲಿದ್ದ ಶುದ್ಧ ನೀರಿನ ಬಾಟಲಿ ಕಪ್ಪಗೇ ಇತ್ತು. ನಮ್ಮ ಬಾವಿಯ ನೀರು ನೀಲಿಯಾಗಿ, ಬೆಳದಿಂಗಳಿನ ಹಾಗೆ ಹೊಳೆಯುತ್ತಿತ್ತು. ನೋಡಲು ಎಷ್ಟು ಚೆಂದವೋ ಅರ್ಥ ಅಷ್ಟೇ ಅಸಹ್ಯ. ಮನುಷ್ಯರ, ದನಕರುಗಳ ಕರುಳಿನಲ್ಲಿರುವ ಇ. ಕೋಲೈ ಎಂಬ ಜೀವಾಣು ಆ ನೀರಿನಲ್ಲಿತ್ತು. ಎಂದರೆ, ನಾವು ಕುಡಿದ ತಿಳಿನೀರಿಗೆ ಮಲ ಬೆರೆತಿತ್ತು.

ಕಣ್ಣಿಗೆ ಕಾಣದ್ದನ್ನು ಆ ಬೆಳಕು ಹೇಗೆ ತೋರಿಸಿತು? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಲಿತದ್ದು ಎಸ್ಸೆಸ್ಸೆಲ್ಸಿಯಾದರೂ ಅಣ್ಣನ ಮಗಳನ್ನು ಕೇಳಿ ಕೇಳಿ, ಅವಳು ಕೊಟ್ಟ ಪುಸ್ತಕ ಓದಿ ತಿಳಿದುಕೊಂಡದ್ದನ್ನು ಸೋದರಿಯರ ಮುಂದೆ ಇಡುತ್ತಿದ್ದೇನೆ.

ಟ್ಯೂಬ್‌ಲೈಟೂ ಟಿನೋಪಾಲೂ

ಕೆಲವು ವಸ್ತುಗಳಿಗೆ ಒಂದು ಗುಣವಿದೆ. ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ನುಂಗಿ ಕಣ್ಣಿಗೆ ಕಾಣುವ ಬೆಳಕನ್ನು ಹೊರಬಿಡುತ್ತವೆ. ನೂರು ರೂಪಾಯಿ ಕೊಟ್ಟವರಿಗೆ ಎಂಬತ್ತು ವಾಪಸು ಕೊಟ್ಟಂತೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಹಳೆಯ ಟ್ಯೂಬ್‌ಲೈಟಿನ ಒಳಗೆ ಪಾದರಸದ ಆವಿ ಹೊರಡಿಸುವುದು ಹೆಚ್ಚಾಗಿ ಅತಿನೇರಳೆ ಕಿರಣ. ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಅದನ್ನು ಬೆಳಕಾಗಿಸುತ್ತದೆ.

ಬಿಳಿ ಬಟ್ಟೆಗೆ ಹಾಕುತ್ತಿದ್ದ ಟಿನೋಪಾಲ್ ನೆನಪಿದೆಯೇ? ಅದೂ ಇದೇ ಜಾತಿಯದು. ನೀಲಿ ಹಾಕಿದರೆ ಬಟ್ಟೆಯ ಹಳದಿ ಛಾಯೆ ಮುಚ್ಚಿಹೋಗುತ್ತದೆ ಅಷ್ಟೆ. ಟಿನೋಪಾಲ್ ಹಾಗಲ್ಲ, ಅದು ಬಿಸಿಲಿನ ಅತಿನೇರಳೆಯನ್ನು ನುಂಗಿ ನೀಲಿ ಬೆಳಕನ್ನು ಬಿಡುತ್ತದೆ. ಹಾಗಾಗಿ ಮನೆಯೊಳಗಿಗಿಂತ ಬಿಸಿಲಿನಲ್ಲಿ ಆ ಬಟ್ಟೆ ಹೆಚ್ಚು ಬೆಳ್ಳಗೆ ಕಾಣುತ್ತದೆ. ಇಂದಿನ ಬಟ್ಟೆ ಸೋಪಿನ ಪುಡಿಗಳಲ್ಲೂ ಇಂಥ ವಸ್ತು ಇರುತ್ತದೆ. ನಮ್ಮ ನೋಟುಗಳ ಸಂಖ್ಯೆಯೂ ಒಳಗಿನ ಎಳೆಗಳೂ ಅಂಗಡಿಯವರ ನೇರಳೆ ದೀಪದ ಕೆಳಗೆ ಹೊಳೆಯುವುದು ಇದರಿಂದಲೇ.

ಮಲೇರಿಯಾದ ಕಹಿ ಔಷಧ ಕ್ವಿನೈನಿನ ದ್ರಾವಣದಲ್ಲಿ ನೀಲಿ ಹೊಳಪು ಕಾಣುವುದನ್ನು 1845ರಲ್ಲಿ ಜಾನ್ ಹರ್ಶೆಲ್ ವರ್ಣಿಸಿದರು. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಅದರ ಕಾರಣ ಬಿಡಿಸಿ ಹೇಳಿ, ಫ್ಲೋರ್‌ಸ್ಪಾರ್ ಎಂಬ ಹರಳಿನ ಹೆಸರಿನಿಂದ ಇಂಗ್ಲಿಷಿನಲ್ಲಿ ಫ್ಲೋರೆಸೆನ್ಸ್ ಎಂದು ಕರೆದರು.

ಬರೀ ಹೊಳೆದರೆ ಏನು ಬಂತು? ಬೇಕಾದ ವಸ್ತು ಸಿಕ್ಕಾಗ ಮಾತ್ರ ಹೊಳೆಯಬೇಕು, ಸಿಗದಿದ್ದರೆ ಸುಮ್ಮನಿರಬೇಕು. ಅಂಥ ಪತ್ತೇದಾರಿ ಕಣಗಳನ್ನು ಕಟ್ಟುವುದೇ ರಸಾಯನ ಶಾಸ್ತ್ರಜ್ಞರ ಜಾಣತನ.

ಕಟ್ಟುವ ಬಗೆ ಮೂರು

ಮೊದಲನೆಯದು ಟೊಪ್ಪಿಗೆ ಮತ್ತು ಕತ್ತರಿ. ನಮ್ಮ ಬಾವಿಯ ಗುಟ್ಟು ಬಯಲು ಮಾಡಿದ್ದು ಇದೇ. ಅಂಬೆಲಿಫೆರೋನ್ ಎಂಬ ಹೊಳೆಯುವ ವಸ್ತುವಿದೆ. ಕೊತ್ತಂಬರಿ, ಜೀರಿಗೆ, ಗಜ್ಜರಿ, ಇಂಗು ಸೇರಿದ ಸಸ್ಯಕುಲದಿಂದ ಅದಕ್ಕೆ ಆ ಹೆಸರು ಬಂತು. ನಮ್ಮ ಒಗ್ಗರಣೆ ಡಬ್ಬಿಯ ಬಳಗವೇ ಅನ್ನಿ. ಅದರ ತಂಗಿಯಂಥ ಕಣವೊಂದಕ್ಕೆ ಸಕ್ಕರೆಯ ಬಳಗದ ಒಂದು ತುಂಡನ್ನು ಟೊಪ್ಪಿಗೆಯಂತೆ ತೊಡಿಸುತ್ತಾರೆ. ಟೊಪ್ಪಿಗೆ ಇರುವ ತನಕ ಆ ನೀಲಿ ಹೊಳಪು ಕಾಣುವುದಿಲ್ಲ. ಇ. ಕೋಲೈ ಜೀವಾಣುವಿನ ಬಳಿ ಆ ತುಂಡನ್ನು ಕತ್ತರಿಸುವ ಕಿಣ್ವವಿದೆ. ಅದು ಸಕ್ಕರೆಯಾಸೆಗೆ ಟೊಪ್ಪಿಗೆ ಕತ್ತರಿಸುತ್ತದೆ, ಒಳಗಿನ ದೀಪ ಬಿಡುಗಡೆಯಾಗಿ ನೀಲಿ ಹೊಳೆಯುತ್ತದೆ. ಕಳ್ಳ ತಾನೇ ಕಂದೀಲು ಹಚ್ಚಿ ಸಿಕ್ಕಿಬಿದ್ದಂತೆ!

ಎರಡನೆಯದು ಕೈ, ದಾರ, ದೀಪ. ಒಂದು ತುದಿಯಲ್ಲಿ ಬೇಕಾದ ವಸ್ತುವನ್ನು ಹಿಡಿಯುವ ಕೈ, ಇನ್ನೊಂದು ತುದಿಯಲ್ಲಿ ದೀಪ, ನಡುವೆ ಗಿಡ್ಡ ದಾರ. ಕೈ ಖಾಲಿ ಇದ್ದಾಗ ಅದರಿಂದ ಒಂದು ಎಲೆಕ್ಟ್ರಾನು ಜಿಗಿದು ದೀಪವನ್ನು ಆರಿಸುತ್ತದೆ. ಕೈಗೆ ಸೋಡಿಯಮ್ಮೋ ಪೊಟ್ಯಾಸಿಯಮ್ಮೋ ಸಿಕ್ಕರೆ ಆ ಎಲೆಕ್ಟ್ರಾನು ಅಲ್ಲೇ ಕಟ್ಟಿಬೀಳುತ್ತದೆ, ದೀಪ ಬೆಳಗುತ್ತದೆ. ನಮ್ಮ ನೆರೆಯ ಶ್ರೀಲಂಕಾದಿಂದ ಹೋಗಿ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಪ್ರಸನ್ನ ಡಿ ಸಿಲ್ವ ಈ ಬಗೆಯ ಕಣಗಳಿಗೆ ಹೆಸರಾದವರು. ಈ ತತ್ತ್ವದ ಯಂತ್ರಗಳು ರಕ್ತದ ಲವಣಾಂಶ ಅಳೆಯಲು ಆಸ್ಪತ್ರೆಗಳಿಗೆ ಬಂದಿವೆ. ವಾಂತಿ-ಭೇದಿಯಾದ ಕೂಸಿಗೆ ಏನು ಕಡಿಮೆಯಾಗಿದೆ ಎಂದು ಡಾಕ್ಟರಿಗೆ ಬೇಗ ತಿಳಿಯುವುದು ಎಷ್ಟು ಮುಖ್ಯ ಎಂಬುದು ಆ ರಾತ್ರಿ ಕಳೆದ ನನಗೆ ಗೊತ್ತು. ಕೈಯ ಅಳತೆಯನ್ನು ಮಾತ್ರ ಸರಿಯಾಗಿ ಹೊಲಿಯಬೇಕು. ಸೋಡಿಯಮ್ಮಿಗೆ ಹೊಲಿದ ಕೈ ದೊಡ್ಡದಾದರೆ ಪೊಟ್ಯಾಸಿಯಂ ಬಂದು ಕೂಡುತ್ತದೆ. ಕುಪ್ಪಸದ ಅಳತೆ ತಪ್ಪಿದಂತೆಯೇ.

ಮೂರನೆಯದು ದೀಪ ಮತ್ತು ಮುಚ್ಚಳ. ಕೊರೋನಾ ಕಾಲದಲ್ಲಿ ನಮ್ಮೆಲ್ಲರ ಮೂಗಿನಲ್ಲಿ ಕಡ್ಡಿ ಹಾಕಿ ತೆಗೆದರಲ್ಲ, ಆ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ಇದ್ದದ್ದು ಇದು. ವೈರಸ್ಸಿನ ಬರಹಕ್ಕೆ ಹೊಂದುವ ಒಂದು ತುಂಡು ಎಳೆ. ಅದರ ಒಂದು ತುದಿಗೆ ದೀಪ, ಇನ್ನೊಂದು ತುದಿಗೆ ಬೆಳಕು ನುಂಗುವ ಮುಚ್ಚಳ. ವೈರಸ್ಸಿನ ಬರಹ ಸಿಕ್ಕರೆ ಮಾತ್ರ ಎಳೆ ಅದಕ್ಕೆ ಅಂಟಿ, ನಕಲು ಮಾಡುವಾಗ ತುಂಡಾಗಿ, ದೀಪ ಮುಚ್ಚಳದಿಂದ ದೂರ ಸರಿದು ಬೆಳಗುತ್ತದೆ. ಕ್ಷಯರೋಗಕ್ಕೆ ಸರಕಾರಿ ದವಾಖಾನೆಗಳಲ್ಲಿ ಮಾಡುವ ಸಿಬಿನ್ಯಾಟ್ ಪರೀಕ್ಷೆಯಲ್ಲಿ ಕೂದಲ ಪಿನ್ನಿನಂತೆ ಮಡಿಸಿದ ಎಳೆಯಿದೆ. ಜೋಡಿ ಸಿಕ್ಕಾಗ ಪಿನ್ನು ಬಿಚ್ಚಿಕೊಂಡು ಹೊಳೆಯುತ್ತದೆ. ಈ ಪಿನ್ನನ್ನು ಸಂಜಯ್ ತ್ಯಾಗಿ ಮತ್ತು ಫ್ರೆಡ್ ಕ್ರೇಮರ್ ಎಂಬ ವಿಜ್ಞಾನಿಗಳು ನ್ಯೂಯಾರ್ಕಿನಲ್ಲಿ 1996ರಲ್ಲಿ ಪ್ರಕಟಿಸಿದರು. ಕಫ ಕೊಟ್ಟರೆ ಯಂತ್ರಕ್ಕೆ ಬೇಕಾದದ್ದು ಎರಡು ಗಂಟೆ ಮಾತ್ರ. ಮದ್ದಿಗೆ ಜಗ್ಗದ ಕ್ಷಯವೇ ಎಂಬುದೂ ಗೊತ್ತಾಗುತ್ತದೆ. ಕೆಮ್ಮನ್ನು ಮುಚ್ಚಿಟ್ಟುಕೊಂಡು ಅಡಿಗೆ ಮಾಡುವ ಸೋದರಿಯರು ಇದನ್ನು ಗಮನಿಸಬೇಕು.

ಮೀನಿನ ಬಲೆ ಹಿಡಿದ ಸಂಸಾರ

ಈ ಕತೆಯಲ್ಲಿ ನನಗೆ ತೀರ ಹಿಡಿಸಿದ್ದು ಜಪಾನಿನ ಒಸಾಮು ಶಿಮೊಮುರಾ ಅವರ ಸಂಸಾರ. 1945ರಲ್ಲಿ ನಾಗಾಸಾಕಿಯ ಮೇಲೆ ಬಾಂಬು ಬಿದ್ದಾಗ ಆ ಹುಡುಗನಿಗೆ ಹದಿನಾರು ವರ್ಷ. ಸಮೀಪದ ಊರಿನಲ್ಲಿದ್ದ. ಆ ಮಿಂಚಿಗೆ ಸ್ವಲ್ಪ ಹೊತ್ತು ಕಣ್ಣೇ ಕಾಣಲಿಲ್ಲ. ಮನೆಗೆ ನಡೆದು ಬರುವಾಗ ಕಪ್ಪು ಮಳೆ ಸುರಿದು ಬಿಳಿ ಅಂಗಿ ಬೂದಿಯಾಯಿತು. ಅಜ್ಜಿ ಕೂಡಲೇ ಸ್ನಾನ ಮಾಡಿಸಿದಳು. ಅಜ್ಜಿಯ ಆ ಸ್ನಾನ ವಿಕಿರಣದ ಕೇಡಿನಿಂದ ಕಾಪಾಡಿರಬಹುದು ಎಂದು ಮುಂದೆ ಅವರೇ ನೆನೆದರು.

1961ರಲ್ಲಿ ಅವರು ಅಮೆರಿಕದ ಫ್ರೈಡೇ ಹಾರ್ಬರ್ ಎಂಬಲ್ಲಿ ಹೊಳೆಯುವ ಜೆಲ್ಲಿಮೀನಿನ ಗುಟ್ಟು ಹುಡುಕುತ್ತಿದ್ದರು. ಒಂದು ದಿನ ಕೆಲಸಕ್ಕೆ ಬಾರದೆಂದು ರಸವನ್ನು ಬಚ್ಚಲಿಗೆ ಚೆಲ್ಲಿದರು. ಬಚ್ಚಲು ಝಗ್ಗನೆ ನೀಲಿ ಹೊಳೆಯಿತು! ಅದರಲ್ಲಿ ಸಮುದ್ರದ ನೀರು ಹರಿಯುತ್ತಿತ್ತು. ಆ ನೀರಿನ ಕ್ಯಾಲ್ಸಿಯಮ್ಮೇ ಹೊಳಪಿಗೆ ಕಾರಣವೆಂದು ತಿಳಿದುಕೊಂಡರು. ಚೆಲ್ಲಿದ್ದು ಹೀಗೆ ಫಲ ಕೊಟ್ಟಿತು. ಮುಂದೆ ಹಲವು ಬೇಸಿಗೆಗಳಲ್ಲಿ ಹೆಂಡತಿ ಅಕೆಮಿ, ಇಬ್ಬರು ಮಕ್ಕಳೂ ಬಲೆ ಹಿಡಿದು ಜೆಲ್ಲಿಮೀನು ಎತ್ತಿದರು. ಆ ಮೀನಿನಲ್ಲೇ ಸಿಕ್ಕ, ಅತಿನೇರಳೆ ಬೆಳಕಿಗೆ ಹಸಿರಾಗಿ ಹೊಳೆಯುವ ಪ್ರೋಟೀನಿಗೆ 2008ರಲ್ಲಿ ನೊಬೆಲ್ ಬಂತು. ಹಂಚಿಕೊಂಡವರು ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಚೆನ್. ಜೀವಕೋಶದೊಳಗೆ ಕ್ಯಾಲ್ಸಿಯಂ ಏರಿಳಿಯುವುದನ್ನು ತೋರಿಸುವ ಫ್ಯೂರಾ-2 ಎಂಬ ಕಣವನ್ನು 1985ರಲ್ಲಿ ಪ್ರಕಟಿಸಿದ ತಂಡವೂ ಈ ಚೆನ್ ಅವರದೇ.

ನಮ್ಮ ಬೆಂಗಳೂರಿನಲ್ಲಿ

ಇದೆಲ್ಲ ಪರದೇಶದ ಮಾತಲ್ಲ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಡಾ. ಟಿ. ಗೋವಿಂದರಾಜು ಅವರು ಮರೆವಿನ ರೋಗವಾದ ಅಲ್‌ಝೈಮರ್ಸಿನ ಮೇಲೆ ಕೆಲಸ ಮಾಡುತ್ತಾರೆ. ಆ ರೋಗದಲ್ಲಿ ಮಿದುಳಿನಲ್ಲಿ ಕಟ್ಟುವ ಪ್ರೋಟೀನಿನ ಗಂಟುಗಳಿಗೆ ಅಂಟಿ ಹೊಳೆಯುವ ಕಣಗಳನ್ನು ಅವರ ತಂಡ ರೂಪಿಸಿದೆ. ಅವರಿಗೆ 2021ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು.

ಮೈಯೊಳಗೆ ಹುಡುಕುವ ದೀಪಕ್ಕೆ ನೀಲಿ ಬೆಳಕು ಆಗದು. ರಾತ್ರಿ ಬ್ಯಾಟರಿಯ ಮೇಲೆ ಅಂಗೈ ಮುಚ್ಚಿ ನೋಡಿರಿ: ಬೆರಳು ಕೆಂಪಗೆ ಕಾಣುತ್ತವೆ. ಮಾಂಸದೊಳಗಿಂದ ಹಾದು ಬರುವುದು ಹೆಚ್ಚಾಗಿ ಕೆಂಪು ಬೆಳಕೇ. ಹಾಗಾಗಿ ಮೈಯೊಳಗಿನ ಪತ್ತೇದಾರನನ್ನು ಕೆಂಪು ಅಥವಾ ಅದರಾಚೆಯ ಕಿರಣದಲ್ಲಿ ಬೆಳಗುವಂತೆ ಕಟ್ಟಲು ನೋಡುತ್ತಾರೆ. ಅದು ನೀರಿನಲ್ಲಿ ಕರಗಬೇಕು, ಕೋಶಕ್ಕೆ ವಿಷವಾಗಬಾರದು, ಬೇರೆಯದಕ್ಕೆ ಮರುಳಾಗಬಾರದು. ಸೊಸೆ ಹುಡುಕುವಾಗಲೂ ನಾವು ಇಷ್ಟು ಕರಾರು ಹಾಕುವುದಿಲ್ಲ!

ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉದಯ್ ಮೈತ್ರ ಅವರ ತಂಡ ಟರ್ಬಿಯಂ ಎಂಬ ಲೋಹದ ಹಸಿರು ಹೊಳಪನ್ನು ಕಾಗದದ ಬಿಲ್ಲೆಗಳ ಮೇಲೆ ತಂದಿದೆ. ಹೈಡ್ರೋಜನ್ ಪೆರಾಕ್ಸೈಡ್ ಇದ್ದರೆ ಬಿಲ್ಲೆ ಹೊಳೆದು ಹೇಳುತ್ತದೆ ಎಂದು 2022ರಲ್ಲಿ ತೋರಿಸಿದರು. ಹಾಲು ಕೆಡದಿರಲೆಂದು ಇದೇ ಪೆರಾಕ್ಸೈಡನ್ನು ಕದ್ದು ಬೆರೆಸುವವರೂ ಇದ್ದಾರೆಂಬುದನ್ನು ನೆನೆದರೆ, ಕಾಗದದ ಬಿಲ್ಲೆಯ ಬೆಲೆ ಗೃಹಿಣಿಗೆ ತಿಳಿದೀತು.

ಅರಿಷಿಣದ ಮಾತು

ನಮ್ಮ ಕಡೆ ಅರಿಷಿಣವೆಂದರೆ ಸಾಂಗಲಿ ಪೇಟೆ. ಅರಿಷಿಣದ ಬಣ್ಣವಾದ ಕರ್ಕ್ಯುಮಿನ್ ಕೂಡ ಹೊಳೆಯುವ ವಸ್ತು. 2025ರ ಜೂನಿನಲ್ಲಿ ಮೊಬೈಲಿನ ದೀಪದ ಮೇಲೆ ನೀರಿನ ಗ್ಲಾಸಿಟ್ಟು, ಚಿಟಿಕೆ ಅರಿಷಿಣ ಉದುರಿಸಿ, ಬಂಗಾರದ ಮಳೆ ನೋಡುವ ಆಟ ಮನೆಮನೆಯಲ್ಲೂ ನಡೆಯಿತು. ನನ್ನ ಮಗನೂ ಆಡಿದ. ಆ ಹೊಳಪಿನಲ್ಲಿ ಹೆಚ್ಚಿನದು ಪುಡಿಯ ಕಣಗಳು ಬೆಳಕನ್ನು ಚದುರಿಸುವುದರಿಂದ ಆದದ್ದು. ಹೊಳೆಯಿತೆಂದು ಅರಿಷಿಣ ಶುದ್ಧ ಎನ್ನುವಂತಿಲ್ಲ.

ಯಾಕೆಂದರೆ ಅರಿಷಿಣಕ್ಕೆ ಕಳೆ ಬರಲೆಂದು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಬೆರೆಸುವ ದುಷ್ಟತನವೂ ಇದೆ. ಸೀಸ ಮಕ್ಕಳ ಮಿದುಳಿಗೆ ಮಾಡುವ ಕೇಡು ತಿರುಗಿ ಸರಿಹೋಗುವಂಥದಲ್ಲ. ಬಾಂಗ್ಲಾದೇಶದಲ್ಲಿ 2019ರಲ್ಲಿ ಪೇಟೆಯ ಅರಿಷಿಣದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಸಿಕ್ಕಿತು. ಜನರಿಗೆ ತಿಳಿಸಿ, ಎಕ್ಸ್‌ರೇ ಹಾಯಿಸಿ ಲೋಹ ಪತ್ತೆಹಚ್ಚುವ ಕೈಯಂತ್ರ ಹಿಡಿದು ಪೇಟೆಯಲ್ಲೇ ದಂಡ ಹಾಕಿದರು. 2021ಕ್ಕೆ ಅದು ಸೊನ್ನೆಗೆ ಇಳಿಯಿತು. ಪತ್ತೆ ಮಾಡುವ ಸಾಧನ ಮತ್ತು ಮಾಡಬೇಕೆಂಬ ಮನಸ್ಸು ಎರಡೂ ಕೂಡಿದರೆ ಎರಡು ವರ್ಷ ಸಾಕು! ಆ ಯಂತ್ರ ಮಾತ್ರ ತುಟ್ಟಿ. 2023ರಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿಗಳು ಸೀಸವಿರುವ ಬಣ್ಣ, ಗಾಜುಗಳ ಮೇಲೆ ಒಂದು ದ್ರವ ಸಿಂಪಡಿಸಿದರೆ ಆ ಸೀಸವೇ ಹಸಿರಾಗಿ ಹೊಳೆಯುವ ವಸ್ತುವಾಗುವ ಉಪಾಯ ತೋರಿಸಿದ್ದಾರೆ. ವಿಷದ ಕೈಯಲ್ಲೇ ದೀಪ ಕೊಟ್ಟಂತೆ.

ಮನೆಯಲ್ಲಿ ನಾವೇನು ಮಾಡಬಹುದು?

ಪೇಟೆಯಲ್ಲಿ ನೇರಳೆ ಬೆಳಕಿನ ಬ್ಯಾಟರಿ ಸಿಗುತ್ತದೆಂದು ತಂದು ನೀರಿಗೆ ಹಿಡಿದರೆ ಏನೂ ತಿಳಿಯುವುದಿಲ್ಲ. ಪತ್ತೇದಾರ ಪುಡಿ ಇಲ್ಲದೆ ಜೀವಾಣು ಕಾಣದು. ಸೋಪಿನ ನೀರೂ ಹೊಳೆದು ದಾರಿ ತಪ್ಪಿಸುತ್ತದೆ. ಆ ಬೆಳಕನ್ನು ಮಕ್ಕಳ ಕಣ್ಣಿಗಂತೂ ಹಿಡಿಯಲೇಬಾರದು. ಮನೆಯಲ್ಲಿ ಮಾಡುವಂಥವು ಇವು:

• ಪ್ರವಾಹವಾದ ಮೇಲೆ, ಬಾವಿಗೆ ಹೊಸನೀರು ಬಂದ ಮೇಲೆ, ಪರೀಕ್ಷೆಯಾಗುವ ತನಕ ನೀರನ್ನು ಕೊತಕೊತ ಕುದಿಸಿರಿ. ಗುಳ್ಳೆ ಎದ್ದಮೇಲೂ ಒಂದು ನಿಮಿಷ ಬಿಡಬೇಕು. ಆರಿದ ನೀರನ್ನು ಮುಚ್ಚಿಡಿ. ಕೈ ಅದ್ದದೆ, ಉದ್ದ ಹಿಡಿಕೆಯ ಸೌಟಿನಿಂದ ತೆಗೆಯಿರಿ.

• ಕುದಿಸಿದರೆ ಜೀವಾಣು ಸಾಯುತ್ತವೆ, ಆದರೆ ಸೀಸ, ಫ್ಲೋರೈಡ್, ರಸಗೊಬ್ಬರದಿಂದ ಬರುವ ನೈಟ್ರೇಟ್ ಹೋಗುವುದಿಲ್ಲ. ಕಬ್ಬಿನ ಹೊಲದ ನಡುವಿನ ಬಾವಿ, ಬೋರ್‌ವೆಲ್ ನೀರಿಗೆ ಪರೀಕ್ಷೆಯೇ ಬೇಕು.

• ಜಲಜೀವನ್ ಮಿಷನ್ ಘೋಷಣೆಯಾದದ್ದು ನಮ್ಮಲ್ಲಿ ಹೊಳೆ ಬಂದ ಆ 2019ರ ಆಗಸ್ಟಿನಲ್ಲೇ. ನಮ್ಮ ರಾಜ್ಯದಲ್ಲಿ ಅದು ಮನೆಮನೆಗೆ ಗಂಗೆ. ಪ್ರತಿ ಊರಿನಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷಿಸಲು ಕಲಿಸಬೇಕೆಂಬುದು ಅದರ ನಿಯಮ. ನಿಮ್ಮೂರಿನ ಆ ಐವರು ಯಾರು ಎಂದು ಪಂಚಾಯತಿಯಲ್ಲಿ ಕೇಳಿರಿ. ಇಲ್ಲವಾದರೆ ನೀವೇ ಹೆಸರು ಕೊಡಿರಿ.

• ಮಲದ ಜೀವಾಣು ನೋಡಲು ಇನ್ನೊಂದು ಅಗ್ಗದ ಬಾಟಲಿಯಿದೆ. ಕೆಟ್ಟ ನೀರು ತುಂಬಿ ಬೆಚ್ಚಗಿಟ್ಟರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಇದನ್ನು 1982ರಲ್ಲಿ ಪ್ರಕಟಿಸಿದವರು ನಮ್ಮ ದೇಶದ ಮಂಜ, ಮೌರ್ಯ ಮತ್ತು ರಾವ್ ಎಂಬ ವಿಜ್ಞಾನಿಗಳು.

• ಅರಿಷಿಣವನ್ನು ಬೇರಾಗಿಯೇ ಕೊಂಡು, ತೊಳೆದು ಒಣಗಿಸಿ, ಗಿರಣಿಯಲ್ಲಿ ಕಣ್ಣೆದುರಿಗೆ ಬೀಸಿಸಿರಿ. ಅತಿಯಾಗಿ ಮಿಂಚುವ ಹಳದಿ ಬೇರಿಗೆ ಮರುಳಾಗಬೇಡಿರಿ.

• ವಾಂತಿ-ಭೇದಿಯಾದರೆ ಕಾಯಬೇಡಿರಿ. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಸಪಾಟು ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸುತ್ತ ದವಾಖಾನೆಗೆ ಹೊರಡಿರಿ. ಕಣ್ಣು ಗುಳಿ ಬೀಳುವ ತನಕ ನಾನು ಕಾದೆ, ನೀವು ಕಾಯಬೇಡಿರಿ.

ಆ ದಿನ ಪ್ರಯೋಗಶಾಲೆಯಿಂದ ಬಂದವಳು ನೀಲಿ ಬಾಟಲಿಯ ಫೋಟೋವನ್ನು ಅತ್ತೆಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. “ಕೃಷ್ಣಾಬಾಯಿ ಹಿಂಗ ಮಾಡಾಕಿ ಅಲ್ಲ ಬಿಡ” ಎಂದರು. “ಆಕಿ ಏನ ಮಾಡಿಲ್ರಿ ಅತ್ತೀ, ಮಾಡಿದವರು ನಾವ” ಎಂದೆ. ಅವರು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ನನಗಿಂತ ಮೊದಲೇ ಎದ್ದು, ಒಲೆಯ ಮೇಲೆ ದೊಡ್ಡ ಪಾತೇಲಿ ಇಟ್ಟು, ನೀರು ಕುದಿಯುವುದನ್ನೇ ನೋಡುತ್ತ ಕುಳಿತಿದ್ದರು. ಈಗ ಅವರಿಗೆ ಎಂಬತ್ತರ ಹತ್ತಿರ. ಮಳೆಗಾಲ ಬಂತೆಂದರೆ ಇಂದಿಗೂ ನನ್ನನ್ನು ಕೇಳುವ ಮೊದಲ ಮಾತು, “ನೀರ ತಪಾಸ ಮಾಡಸೀಯೇನ?” ಎಂಬುದೇ.